ಅಳತೆ ಅಜ್ಜನ ಅಡುಗೆಮನೆ

ನನ್ನ ಅಜ್ಜ ಇಪ್ಪತ್ತೆರಡು ವರ್ಷ ಸೈನ್ಯದಲ್ಲಿದ್ದರು ಎಂದರೆ ಕೇಳಿದವರು ಬೆನ್ನು ನೆಟ್ಟಗೆ ಮಾಡಿ ಕೂರುತ್ತಾರೆ. ಅಡುಗೆಯವರಾಗಿ ಎಂದ ಕೂಡಲೇ ಅದೇ ಬೆನ್ನು ಮತ್ತೆ ಕುರ್ಚಿಗೆ ಒರಗುತ್ತದೆ. ಆಗ ನನಗೆ ಮೈಯೆಲ್ಲ ಉರಿಯುತ್ತದೆ. ಅಜ್ಜನಿಗೆ ಮಾತ್ರ ಏನೂ ಅನ್ನಿಸುತ್ತಿರಲಿಲ್ಲ. ಬೀದಿಯ ಮಕ್ಕಳು ಬಂದು ಎಷ್ಟು ಜನಕ್ಕೆ ಗುಂಡು ಹೊಡೆದ್ರಿ ಎಂದು ಕೇಳಿದರೆ, "ಗುಂಡು ಹೊಡೆಯೋಕೆ ಬೇರೆಯವರಿದ್ರು ಕಣ್ರೋ. ಅವರ ಹೊಟ್ಟೆ ತುಂಬಿಸೋಕೆ ನಾನಿದ್ದೆ. ನಾನಿಲ್ದಿದ್ರೆ ಅವರ ಕೈಲಿ ಬಂದೂಕು ಎತ್ತೋಕೂ ಆಗ್ತಿರ್ಲಿಲ್ಲ" ಎಂದು ಮೀಸೆ ತಿರುವುತ್ತಿದ್ದರು. ಹೋದ ವರ್ಷ, ಎಂಬತ್ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡರು.

ಸೈನ್ಯದಿಂದ ಬಂದ ಮೇಲೆ ಒಂದು ಅಚ್ಚುಕೂಟದ ಕ್ಯಾಂಟೀನಿನಲ್ಲಿ ಹದಿನೈದು ವರ್ಷ ಅಡುಗೆ ಮಾಡಿದರು. ಅದೂ ಮುಗಿದ ಮೇಲೆ ನಮ್ಮ ಮನೆಯ ಅಡುಗೆಮನೆಗೆ ಲಗ್ಗೆ ಹಾಕಿದರು. ಅಜ್ಜಿ ಆಗಲೇ ಇರಲಿಲ್ಲ. ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಅಮ್ಮ ಎರಡು ದಿನ ಗೊಣಗಿ, ಮೂರನೆಯ ದಿನ ಖುಷಿಯಾಗಿ ಸೌಟು ಒಪ್ಪಿಸಿಬಿಟ್ಟಳು.

ಆಮೇಲೆ ಗೊತ್ತಾಯಿತು ಫಜೀತಿ. ಬೆಳಿಗ್ಗೆ ಏಳಕ್ಕೆ ಸರಿಯಾಗಿ ಅಜ್ಜ ಸ್ಲೇಟು ಹಿಡಿದು ಒಬ್ಬೊಬ್ಬರ ಮುಂದೆ ಬಂದು ನಿಲ್ಲುತ್ತಿದ್ದರು. ಹಲ್ಲುಜ್ಜುತ್ತಿದ್ದರೂ ಬಿಡುತ್ತಿರಲಿಲ್ಲ. "ಮಧ್ಯಾಹ್ನ ಊಟಕ್ಕೆ ಇದ್ದೀಯಾ, ಇಲ್ವಾ?" ನೋಡೋಣ, ಗೊತ್ತಿಲ್ಲ ಎಂಬ ಉತ್ತರ ನಡೆಯುತ್ತಿರಲಿಲ್ಲ. ಎಷ್ಟು ತಲೆಯೋ ಅಷ್ಟೇ ಅಕ್ಕಿ. ಸೊಟ್ಟಗಾದ ಅಲ್ಯುಮಿನಿಯಂ ಲೋಟದಲ್ಲಿ ಅಳೆದು, ಬೆರಳಿನಿಂದ ಮೇಲಿನದ್ದನ್ನು ಸಮ ಮಾಡಿ ಹಾಕುತ್ತಿದ್ದರು. ಬರುತ್ತೇನೆ ಎಂದವರು ಬರಲೇಬೇಕು. ಹತ್ತು ನಿಮಿಷ ತಡವಾದರೆ ಅಜ್ಜ ಗೇಟಿನ ಹತ್ತಿರ ಇರುತ್ತಿದ್ದರು. ತಳದಲ್ಲಿ ಒಂದು ಹಿಡಿ ಅನ್ನ ಉಳಿದರೂ ಅವರ ಮುಖ ಸಪ್ಪಗಾಗಿ, ಆ ದಿನವೆಲ್ಲ ಮಾತಿಲ್ಲ ಕತೆಯಿಲ್ಲ.

"ಇದೇನು ಮನೆನಾ, ಮಿಲಿಟರಿ ಕ್ಯಾಂಪಾ ಮಾವ?" ಎಂದು ಅಮ್ಮ ರೇಗುತ್ತಿದ್ದಳು. ಬೀದಿಯವರು ಅಳತೆ ಅಜ್ಜ ಎಂದು ಹೆಸರಿಟ್ಟರು. ಕೈ ಬಿಗಿ ಅಂತ ಹಿಂದಿನಿಂದ ಆಡಿಕೊಳ್ಳುತ್ತಿದ್ದರು. ಸುಳ್ಳೇಕೆ ಹೇಳಲಿ, ನಾನೂ ಹಾಗೇ ತಿಳಿದಿದ್ದೆ.

ನನಗೆ ಆಗ ಇಪ್ಪತ್ತಮೂರು. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು, ಈಗಲೂ ಬಹಳ ದೂರ ಹೋಗಿಲ್ಲ. ನನ್ನ ಜೊತೆ ಕೆಲಸ ಮಾಡುವ ಗೆಳತಿಯೊಬ್ಬಳನ್ನು ಒಂದು ಮಧ್ಯಾಹ್ನ ಮೊದಲೇ ಹೇಳದೆ ಮನೆಗೆ ಕರೆತಂದೆ. ಅಜ್ಜ ನಗುನಗುತ್ತಾ ಕೂರಿಸಿದರು, ತಟ್ಟೆ ಇಟ್ಟರು, ಬಡಿಸಿದರು. ಅರ್ಧ ಊಟವಾದ ಮೇಲೆ ಅವಳು ಕೇಳಿದಳು, "ನೀವು ಊಟ ಮಾಡಲ್ವಾ ತಾತ?" ಅಜ್ಜ ನೀರಿನ ಲೋಟ ಎತ್ತಿ ತೋರಿಸಿ, "ನಂದು ನೀನೇ ಮಾಡ್ತಿದ್ದೀಯಲ್ಲಮ್ಮ" ಎಂದುಬಿಟ್ಟರು. ಪಾಪ, ಆ ಹುಡುಗಿ ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಇಳಿಸಿದಳು.

ಅವಳು ಹೋದ ಮೇಲೆ ನಾನು ಸುಮ್ಮನಿರುತ್ತೇನೆಯೇ? "ಇನ್ನೊಂದು ಲೋಟ ಅಕ್ಕಿ ಹಾಕಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು? ನನ್ನ ಮರ್ಯಾದೆ ಮೂರು ಕಾಸಿಗೆ ಹರಾಜಾಯ್ತು. ಇಂಥ ಜಿಪುಣರನ್ನ ನಾನೆಲ್ಲೂ ನೋಡಿಲ್ಲ!" ಎಂದು ಕೂಗಾಡಿದೆ. ಅಜ್ಜ ತಟ್ಟೆ ತೊಳೆಯುತ್ತಲೇ ಇದ್ದರು. ಅದರಿಂದ ನನ್ನ ಸಿಟ್ಟು ಇನ್ನೂ ಏರಿತು.

ಮುಂದಿನ ಭಾನುವಾರ ಅಪ್ಪ ಅಮ್ಮ ಪರವೂರಿಗೆ ಹೋಗಿದ್ದರು. ಏಳಕ್ಕೆ ಸ್ಲೇಟು ಬಂತು. "ಊಟಕ್ಕೆ ಇದ್ದೀಯೇನೇ?" "ಇದ್ದೀನಿ, ಒಂದು ಗಂಟೆಗೆ" ಎಂದೆ. ಹಾಗೆ ಹೇಳುವಾಗಲೇ ಬರಬಾರದು ಎಂದು ತೀರ್ಮಾನಿಸಿದ್ದೆ. ಒಂದು ಸಲ ಪಾತ್ರೆಯಲ್ಲಿ ಅಷ್ಟೂ ಉಳಿಯಲಿ, ಬುದ್ಧಿ ಬರುತ್ತದೆ ಎಂದುಕೊಂಡು ಫೋನು ಆಫ್ ಮಾಡಿ, ಅದೇ ಗೆಳತಿಯ ಜೊತೆ ಹೋಟೆಲಿನಲ್ಲಿ ಹೊಟ್ಟೆ ಬಿರಿಯ ತಿಂದು ಸಿನಿಮಾ ನೋಡಿದೆ.

ಮನೆಯ ಬೀದಿಗೆ ಬಂದಾಗ ನಾಲ್ಕೂವರೆ. ಎದುರುಮನೆಯ ಟೈಲರಮ್ಮ ಹೊಲಿಗೆ ಬಿಟ್ಟು ಓಡಿಬಂದಳು. "ಎಲ್ಲಿ ಹಾಳಾಗಿ ಹೋಗಿದ್ಯೇ? ನಿಮ್ಮಜ್ಜ ಬರಿಗಾಲಲ್ಲಿ ಮೂರು ಸಲ ಬಸ್ ಸ್ಟಾಪಿಗೆ ಹೋಗಿಬಂದ್ರು. ಆಸ್ಪತ್ರೆಗೂ ಹೋಗಿ ಯಾವುದಾದ್ರೂ ಹುಡುಗೀಗೆ ಆ್ಯಕ್ಸಿಡೆಂಟ್ ಆಗಿದೆಯಾ ಅಂತ ಕೇಳಿದಾರೆ!"

ಗೇಟು ತಳ್ಳಿಕೊಂಡು ಓಡಿದೆ. ಒಳಗೆ ಅಜ್ಜ ಅಡುಗೆಮನೆಯ ನೆಲದ ಮೇಲೆ ಕೂತಿದ್ದರು. ಪಾದಗಳು ಧೂಳಾಗಿದ್ದವು. ಮುಂದೆ ಮುಚ್ಚಿದ ಪಾತ್ರೆ, ಬೋರಲಾಗಿಟ್ಟ ಎರಡು ತಟ್ಟೆ. ನನ್ನನ್ನು ನೋಡಿದವರೇ ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚಿದರು.

"ಬೇಕು ಅಂತಲೇ ಬರಲಿಲ್ಲ ಅಜ್ಜ" ಎಂದೆ. ಯಾಕೋ ಸುಳ್ಳು ಹೇಳಲು ಬಾಯಿ ಬರಲಿಲ್ಲ.

ಅವರು ಬಯ್ಯಲಿಲ್ಲ. ಕಣ್ಣು ಮುಚ್ಚಿಕೊಂಡೇ ಹೇಳಿದರು. "ಒಂದಿನ ನೂರಾ ಹನ್ನೆರಡು ಜನಕ್ಕೆ ಅಡುಗೆ ಮಾಡಿದ್ದೆ. ಬೆಳಿಗ್ಗೆ ಹೋಗುವಾಗ ಎಲ್ಲಾ ತಮಾಷೆ ಮಾಡ್ಕೊಂಡು ಹೋದ್ರು, ಮಧ್ಯಾಹ್ನ ಬರ್ತೀವಿ, ಬಿಸಿ ಇರಲಿ ಅಂತ. ಬಂದವರು ಅರವತ್ತೆಂಟು. ನಲವತ್ತನಾಲ್ಕು ಜನರ ಅನ್ನ ಹಾಗೇ ಇತ್ತು. ಬಂದವರಿಗೆ ಇನ್ನೊಂದು ಸ್ವಲ್ಪ ಹಾಕೋಕೆ ಹೋದ್ರೆ ಯಾರೂ ತಟ್ಟೆ ಮುಂದೆ ಮಾಡಲಿಲ್ಲ. ಹಳಸ್ತದೆ, ಗುಂಡಿ ತೋಡಿ ಹಾಕು ಅಂದ್ರು ಸಾಹೇಬ್ರು. ಹುಡುಗರನ್ನ ಹೂತವರು ಬೇರೆ ಕಣೇ. ಅವರ ಅನ್ನ ಹೂತವನು ನಾನು."

ನನಗೆ ಭೂಮಿ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು. ಜಿಪುಣ ಅಂದಿದ್ದೆನಲ್ಲ ಈ ಬಾಯಲ್ಲಿ! ಕೈ ತೊಳೆದು ಬಂದು ಅವರ ಎದುರು ಕೂತೆ. ಅಜ್ಜ ತಣ್ಣಗಾಗಿದ್ದ ಅನ್ನ ಬಡಿಸಿದರು. ಹೋಟೆಲಿನ ಊಟ ಗಂಟಲವರೆಗೆ ಇತ್ತು, ಮೇಲೆ ಅಳು ಬೇರೆ. ಆದರೂ ಒಂದೊಂದೇ ತುತ್ತು ನುಂಗುತ್ತಾ ಹೋದೆ.

"ತಪ್ಪಾಯ್ತು ಅಜ್ಜ. ಊಟ ಮಾಡ್ಕೊಂಡೇ ಬಂದಿದ್ದೆ" ಎಂದು ಬಿಕ್ಕಿದೆ.

"ಗೊತ್ತು, ನಿನ್ನ ಹೊಟ್ಟೆ ನೋಡಿದ್ರೇ ಗೊತ್ತಾಗುತ್ತೆ. ಸಾಕು ಬಿಡು, ಮಿಕ್ಕಿದ್ದು ನಾನು ತಿಂತೀನಿ" ಎಂದು ನನ್ನ ತಟ್ಟೆಯನ್ನು ತಮ್ಮ ಕಡೆ ಎಳೆದುಕೊಂಡರು. ಎರಡು ತುತ್ತು ತಿಂದು ನಿಲ್ಲಿಸಿದರು. "ಅವತ್ತು ಪಾತ್ರೆ ಮುಚ್ಚಿಟ್ಟು ಕತ್ತಲಾಗೋವರೆಗೂ ದಾರಿ ಕಾದಿದ್ದೆ. ತಡವಾಗಾದ್ರೂ ಒಬ್ಬ, ಒಬ್ಬನೇ ಒಬ್ಬ ಬರಲಿ ಅಂತ. ನೀನು ಬಂದ್ಯಲ್ಲ, ಬಿಡು."