ಕಾಲು ಬಡಿದು ಒಳಗೆ ಬಾ

ಅತ್ತೆಯ ಬಲಗೈ ಕಿರುಬೆರಳು ಸ್ವಲ್ಪ ಸೊಟ್ಟಗಿತ್ತು. ಮಗುವಿಗೆ ಮುದ್ದೆ ತಿನ್ನಿಸುವಾಗ ಆ ಬೆರಳು ಮೊದಲು ಹೋಗಿ ಮಗುವಿನ ಕೆಳತುಟಿಯನ್ನು ಮುಟ್ಟುತ್ತಿತ್ತು. ಆಮೇಲೆ ಸಾರಿನಲ್ಲಿ ಅದ್ದಿದ ತುತ್ತು ಬಾಯಿಗೆ ಹೋಗುತ್ತಿತ್ತು. ಬಿಸಿ ಮುದ್ದೆ ಕಟ್ಟಿ ಕಟ್ಟಿ ಅವರ ಬೆರಳ ತುದಿಗಳೆಲ್ಲ ನುಣ್ಣಗಾಗಿ ಹೊಳೆಯುತ್ತಿದ್ದವು. ತುತ್ತಿಗೊಂದು ಸಲ ತುಟಿ ಮುಟ್ಟುವುದು ಮುದ್ದಿಗೆ ಎಂದೇ ನಾನು ತಿಳಿದಿದ್ದೆ. ನೋಡಲು ಚೆನ್ನಾಗಿತ್ತು, ನೋಡಿಕೊಂಡು ಡ್ಯೂಟಿಗೆ ಹೋಗುತ್ತಿದ್ದೆ.

ಅವರು ನನಗೆ ಎರಡು ಕಡೆಯಿಂದಲೂ ಅತ್ತೆ. ನಮ್ಮಪ್ಪನ ಒಡಹುಟ್ಟಿದ ಅಕ್ಕ, ಅವರ ಮಗನನ್ನೇ ನಾನು ಮದುವೆಯಾದದ್ದು. ಹಾಗಾಗಿ ನಮ್ಮಿಬ್ಬರ ನಡುವೆ ಬಹುವಚನ ಇರಲಿಲ್ಲ, ಜಗಳಕ್ಕೆ ಬರವೂ ಇರಲಿಲ್ಲ. ನಮ್ಮ ಊರು ಮಧುಗಿರಿಯಿಂದ ಹಿಂದೂಪುರಕ್ಕೆ ಹೋಗುವ ದಾರಿಯಲ್ಲಿ, ಕೊಡಿಗೇನಹಳ್ಳಿಗೆ ಸ್ವಲ್ಪ ಮುಂಚೆ ಸಿಗುತ್ತದೆ. ನನ್ನ ಗಂಡ ಹಳ್ಳಿ ಹಳ್ಳಿ ತಿರುಗಿ ಬೋರ್‌ವೆಲ್ ಮೋಟಾರು ರಿಪೇರಿ ಮಾಡುತ್ತಿದ್ದ. ನಾನು ಸರ್ಕಾರಿ ಬಸ್ಸಿನ ಕಂಡಕ್ಟರು. ಕೆಲಸ ಸಿಕ್ಕಾಗ ಮಗಳು ಚಿನ್ನಿ ಗೋಡೆ ಬಿಟ್ಟು ನಡೆಯುವುದನ್ನು ಆಗಷ್ಟೇ ಕಲಿತಿದ್ದಳು. ತರಬೇತಿಯ ಅವಧಿ ಮುಗಿದು ಕೆಲಸ ಕಾಯಂ ಆಗುವವರೆಗೆ ರಜೆ ಎಂಬ ಮಾತನ್ನೇ ಎತ್ತುವಂತಿರಲಿಲ್ಲ. ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ನಾವು ಗಂಡ ಹೆಂಡತಿ ಮುಖ ಮುಖ ನೋಡಿಕೊಂಡು ಕೂತಿದ್ದಾಗ ಅತ್ತೆ ಅಡುಗೆಮನೆಯಿಂದಲೇ ಗದರಿದರು.

"ನಾನೇನು ಸತ್ತೋಗಿದ್ದೀನಾ? ಹೋಗಮ್ಮ ನೀನು. ನಮ್ಮನೆ ಹೆಣ್ಮಗಳು ಬಸ್ಸಲ್ಲಿ ಸೀಟಿ ಊದೋದನ್ನ ನಾನು ಕೇಳಬೇಕು."

ನೋಡಬೇಕು ಅನ್ನಲಿಲ್ಲ, ಕೇಳಬೇಕು ಅಂದರು. ಇದು ನನಗೆ ಈಗ ಹೊಳೆಯುತ್ತದೆ.

ಮನೆಯಲ್ಲಿ ಇನ್ನೊಂದು ಜೀವ ಕೆಂಚ. ಬಡವನಹಳ್ಳಿ ಸಂತೆಯಿಂದ ನನ್ನ ಗಂಡನ ಬೈಕಿನ ಹಿಂದೆ ಓಡಿ ಬಂದ ಕೆಂದು ಬಣ್ಣದ ನಾಯಿಮರಿ. ಮೊದಲ ದಿನ ಅದನ್ನು ಪೊರಕೆ ಹಿಡಿದು ಅಟ್ಟಿದವರು ಅತ್ತೆಯೇ. ವಾರ ಕಳೆಯುವುದರೊಳಗೆ ಅದಕ್ಕೆಂದು ಪುಟ್ಟ ಮುದ್ದೆ ಕಟ್ಟಿ, ಉಪ್ಪು ಹಾಕದ ಮಜ್ಜಿಗೆಯಲ್ಲಿ ಕಿವುಚಿ ಇಡತೊಡಗಿದವರೂ ಅವರೇ. ಎಲ್ಲಿಂದಲೋ ಒಂದು ಹಳೆಯ ಕುರಿಗಂಟೆ ಹುಡುಕಿ ಅದರ ಕೊರಳಿಗೆ ಕಟ್ಟಿದರು. ನಾಯಿಗೆ ಯಾರಾದರೂ ಕುರಿಗಂಟೆ ಕಟ್ಟುತ್ತಾರಾ ಎಂದು ನಾನು ನಕ್ಕರೆ, "ದೃಷ್ಟಿಯಾಗಬಾರದು ಅಂತ" ಎಂದರು. ಆ ಮೂತಿಗೆ ಯಾರ ದೃಷ್ಟಿ ತಾಗಬೇಕಿತ್ತೋ ದೇವರಿಗೇ ಗೊತ್ತು.

ಚಿನ್ನಿಯ ಕಾಲಿಗೆ ಬೆಳ್ಳಿ ಗೆಜ್ಜೆ ಇತ್ತು. ಸ್ನಾನ ಮಾಡಿಸುವಾಗಲೂ ಅತ್ತೆ ಅದನ್ನು ಬಿಚ್ಚಲು ಬಿಡುತ್ತಿರಲಿಲ್ಲ. ಮಗು ಮತ್ತು ನಾಯಿ ಅಂಗಳದಲ್ಲಿ ಓಡಾಡುತ್ತಿದ್ದರೆ ಒಂದು ಸದ್ದು ಸಣ್ಣಗೆ, ಒಂದು ಸದ್ದು ದಪ್ಪಗೆ ಮನೆ ಸುತ್ತುತ್ತಿತ್ತು. ಅತ್ತೆ ಒಲೆ ಮುಂದೆ ಕೂತಲ್ಲಿಂದಲೇ, "ಏ ಕೆಂಚ, ಮಗನ ಕೈಲಿರೋದು ಕಿತ್ಕೋಬೇಡ ಕಣ್ಲಾ" ಎಂದು ಕೂಗುತ್ತಿದ್ದರು. ನಮ್ಮ ಕಡೆ ಮಗು ಹೆಣ್ಣಾದರೂ ಬಾಯಲ್ಲಿ ಬರುವುದು ಮಗ ಎಂದೇ. ಬೆನ್ನಿಗೂ ಕಣ್ಣಿದೆ ಈ ಹೆಂಗಸಿಗೆ ಎಂದು ನಾನು ಬಸ್ಸಿನಲ್ಲಿ ಹೊಗಳಿಕೊಂಡು ತಿರುಗಿದ್ದೇನೆ.

ಅತ್ತೆಗೆ ಒಂದಿಷ್ಟು ಕಟ್ಟುನಿಟ್ಟುಗಳಿದ್ದವು. ಚೊಂಬು ಇಟ್ಟಲ್ಲೇ ಇರಬೇಕು. ಮುದ್ದೆ ಕೋಲು ಅದರ ಗೂಟದಲ್ಲೇ ನೇತಾಡಬೇಕು. ನಡುಮನೆಯಲ್ಲಿ ಯಾರೂ ಏನೂ ಬಿಸಾಡಿ ಹೋಗಬಾರದು. ಎಲ್ಲಕ್ಕಿಂತ ದೊಡ್ಡದು ಬಾಗಿಲ ಮುಂದಿನ ಚಪ್ಪಡಿ ಕಲ್ಲಿನದು. ಹೊರಗಿನಿಂದ ಬಂದವರು ಅದರ ಮೇಲೆ ಎರಡು ಸಲ ಕಾಲು ಬಡಿದೇ ಒಳಗೆ ಬರಬೇಕು. "ಧೂಳು ಒಳಕ್ಕೆ ತರಬೇಡಿ, ಕಾಲು ಬಡಿದು ಒಳಕ್ಕೆ ಬನ್ನಿ." ಬಡಿದ ಮೇಲೆ ಒಳಗಿನಿಂದ "ಬಂದ್ಯಾ?" ಎಂಬ ಉತ್ತರ ಬರುತ್ತಿತ್ತು. ಚಿನ್ನಿ ತನ್ನ ಪುಟ್ಟ ಪಾದಗಳಿಂದ ದಪದಪ ಎಂದು ಬಡಿದರೆ "ಬಂದ್ಯಾ ತಾಯೀ" ಎಂದು ರಾಗ ಎಳೆಯುತ್ತಿದ್ದರು. ಆ ಉತ್ತರಕ್ಕಾಗಿಯೇ ಅವಳು ದಿನಕ್ಕೆ ಹತ್ತಾರು ಸಲ ಹೊರಗೆ ಹೋಗಿ ಒಳಗೆ ಬರುತ್ತಿದ್ದಳು. ಇಷ್ಟೆಲ್ಲ ಅತ್ತೆಯ ಮಡಿ, ಅತ್ತೆಯ ಅಚ್ಚುಕಟ್ಟು ಎಂದು ನಾವು ಗೊಣಗಿಕೊಂಡೇ ಪಾಲಿಸುತ್ತಿದ್ದೆವು.

ಮಧ್ಯಾಹ್ನದ ಟ್ರಿಪ್ಪಿನಲ್ಲಿ ನನ್ನ ಬಸ್ಸು ನಮ್ಮ ಊರಿನ ಮುಂದೆಯೇ ಹಾದುಹೋಗುತ್ತಿತ್ತು. ದೂರದ ತಿರುವಿನಲ್ಲಿ ಡ್ರೈವರಣ್ಣ ಹಾರ್ನ್ ಹಾಕುತ್ತಿದ್ದ, ನಾನು ಎರಡು ಸಣ್ಣ ಸೀಟಿ ಊದುತ್ತಿದ್ದೆ. ಅಷ್ಟು ಹೊತ್ತಿಗೆ ಅತ್ತೆ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಹುಣಸೆಮರದ ಕೆಳಗೆ ನಿಂತಿರುತ್ತಿದ್ದರು, ಪಕ್ಕದಲ್ಲಿ ಕೆಂಚ. ಜನ ಇಳಿದು ಹತ್ತುವಷ್ಟರಲ್ಲಿ ನಾನು ಫುಟ್‌ಬೋರ್ಡಿನಿಂದ ಬಗ್ಗಿ ಮಗಳ ಕೆನ್ನೆ ಮುಟ್ಟುತ್ತಿದ್ದೆ. ಅಷ್ಟೇ. ಆ ಅಷ್ಟರಿಂದಲೇ ಹಿಂದೂಪುರದವರೆಗೆ ಚಿಲ್ಲರೆ ಜಗಳಗಳನ್ನೆಲ್ಲ ನಗುತ್ತಾ ಸಹಿಸಿಕೊಳ್ಳುತ್ತಿದ್ದೆ.

ಒಮ್ಮೆ ನನ್ನ ವಾರದ ಬಿಡುವಿನ ದಿನ ಊಟದ ಹೊತ್ತಿನಲ್ಲಿ ನಡೆದದ್ದು ನೆನಪಿದೆ. ಅತ್ತೆಯ ಮುಂದೆ ಚಿನ್ನಿಯೂ ಕೆಂಚನೂ ಪಕ್ಕಪಕ್ಕ ಕೂತಿದ್ದರು. ಅತ್ತೆ ಸಾರಿನ ತುತ್ತನ್ನು ಕೆಂಚನ ಬಾಯಿಗೆ ಇಟ್ಟು, ಅದರ ಬಟ್ಟಲಿನ ಉಪ್ಪಿಲ್ಲದ ಮಜ್ಜಿಗೆ ಮುದ್ದೆಯನ್ನು ಮಗುವಿಗೆ ತಿನ್ನಿಸಿಬಿಟ್ಟರು. ಚಿನ್ನಿ ಕೇಕೆ ಹಾಕಿ ನಕ್ಕಳು. ನನಗೆ ಮೈಯೆಲ್ಲ ಉರಿಯಿತು.

"ಏನತ್ತೆ ಇದು, ನಾಯಿ ಎಂಜಲು ಮಗೂಗೆ ಇಕ್ತಾ ಇದ್ದೀಯ?"

ಅತ್ತೆಯ ಕೈ ಗಾಳಿಯಲ್ಲೇ ನಿಂತಿತು. ಆಮೇಲೆ, "ತಿಂದ್ರೆ ತಿನ್ಲಿ ಬುಡು ಕಣಮ್ಮ. ಕೆಂಚ ಏನು ಹೊರಗಿನೋನಾ?" ಎಂದು ನಕ್ಕರು. ಆ ನಗು ಎಂದಿನಂತೆ ಇರಲಿಲ್ಲ.

ಚಿನ್ನಿಗೆ ಎರಡು ವರ್ಷ ತುಂಬುವ ಹೊತ್ತಿಗೆ ಗೆಜ್ಜೆಯ ಕೊಂಡಿ ಸಡಿಲವಾಯಿತು. ಎಲ್ಲಿಯಾದರೂ ಬಿದ್ದುಹೋದೀತು ಎಂದು ನನ್ನ ಗಂಡ ಒಂದು ದಿನ ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ, ಮಗು ಉಂಡು ಮಲಗಿದ್ದಾಗಲೇ ಅದನ್ನು ಬಿಚ್ಚಿಕೊಂಡು ಮಧುಗಿರಿಯ ಅಕ್ಕಸಾಲಿಗರ ಬಳಿಗೆ ಹೊರಟ. ಅತ್ತೆ ಆಗ ಕೊಟ್ಟಿಗೆಯಲ್ಲಿದ್ದರು. ಹೇಳಿ ಹೋಗುವಂಥ ವಿಷಯ ಎಂದು ಅವನಿಗೆ ಅನ್ನಿಸಲಿಲ್ಲ. ಯಾರಿಗೆ ತಾನೇ ಅನ್ನಿಸುತ್ತದೆ?

ಆ ಮಧ್ಯಾಹ್ನ ತಿರುವಿನಲ್ಲಿ ಹಾರ್ನ್ ಆಯಿತು. ನಾನು ಸೀಟಿ ಊದಿದೆ. ಮರುಕ್ಷಣವೇ ಬಸ್ಸು ಕಿರುಚಿಕೊಂಡು ನಿಂತಿತು, ನಿಂತಿದ್ದವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದರು. ಮುಂದಿನ ಸೀಟಿನಲ್ಲಿದ್ದ ಹಿಂದೂಪುರದ ಹೆಂಗಸು "ಅಯ್ಯಯ್ಯೋ, ಬಿಡ್ಡ, ಮಗು!" ಎಂದು ಚೀರಿದಳು. ನಾನು ಜನರನ್ನು ತಳ್ಳಿಕೊಂಡು ಕೆಳಗಿಳಿದೆ. ರಸ್ತೆಯ ನಟ್ಟನಡುವೆ, ಬಂಪರಿನಿಂದ ಕೈಯಳತೆಯಲ್ಲಿ, ನನ್ನ ಮಗಳು ಬರಿಗಾಲಲ್ಲಿ ನಿಂತಿದ್ದಳು. ಬಸ್ಸಿನ ಸದ್ದು ಕೇಳಿ ಅಮ್ಮ ಬಂದಳೆಂದು ಒಬ್ಬಳೇ ನಡೆದು ಬಂದಿದ್ದಳು. ನನ್ನನ್ನು ಕಂಡು ಎರಡೂ ಕೈ ಎತ್ತಿದಳು.

ಅವಳನ್ನು ಎದೆಗೆ ಅವುಚಿಕೊಂಡೆ. ಅಷ್ಟರಲ್ಲಿ ಮನೆಯ ಕಡೆಯಿಂದ ಗಂಟೆಯ ಸದ್ದು ಬಂತು. ಕೆಂಚನ ಕೊರಳಪಟ್ಟಿಯನ್ನು ಹಿಡಿದುಕೊಂಡು, ಬೇಲಿಗೆ ಸೆರಗು ಸಿಕ್ಕಿಸಿಕೊಂಡು, ಎಡವುತ್ತಾ ಅತ್ತೆ ಬರುತ್ತಿದ್ದರು. "ಚಿನ್ನೀ, ಚಿನ್ನೀ" ಎಂದು ಅವರು ಕೂಗುತ್ತಿದ್ದದ್ದು ನಾವಿದ್ದ ದಿಕ್ಕಿಗಲ್ಲ. ಡ್ರೈವರಣ್ಣ ಕಿಟಕಿಯಿಂದ ತಲೆ ಹಾಕಿ ಕೂಗಿದ.

"ಏನಜ್ಜೀ, ಕಣ್ಣು ಕಾಣ್ಸಲ್ವಾ ನಿಂಗೆ? ಮಗ ರೋಡಿಗೆ ಬಂದೈತೆ!"

ಅತ್ತೆ ನಿಂತರು. ಸದ್ದು ಬಂದ ಕಡೆಗೆ ಮುಖ ತಿರುಗಿಸಿದರು.

"ಕಾಣ್ಸಲ್ಲ ಕಣಪ್ಪ" ಎಂದರು. "ನಿಜವಾಗ್ಲೂ ಕಾಣ್ಸಲ್ಲ. ಮಗ ಸಿಕ್ತಾ? ಏನೂ ಆಗಿಲ್ವಾ?"

ನಾನು ಹತ್ತಿರ ಹೋಗಿ ಮಗುವಿನ ಕಾಲನ್ನು ಅವರ ಕೈಗೆ ಮುಟ್ಟಿಸಿದೆ. ಅವರ ಬೆರಳುಗಳು ಪಾದ ಹುಡುಕಿ, ಹಿಮ್ಮಡಿ ಹುಡುಕಿ, ಗೆಜ್ಜೆ ಇರಬೇಕಾದ ಜಾಗದಲ್ಲಿ ನಿಂತವು. "ಗೆಜ್ಜೆ ಎಲ್ಲಿ?" ಎಂದರು. ಅಷ್ಟೇ ಅಂದದ್ದು. ಡ್ರೈವರಣ್ಣ ಇಳಿದು ಬಂದು, "ಮಗೂನ ಕರ್ಕೊಂಡು ಮನೆಗೋಗಮ್ಮ, ಡಿಪೋಗೆ ನಾನು ಫೋನ್ ಮಾಡ್ತೀನಿ" ಎಂದ. ಕೊಡಿಗೇನಹಳ್ಳಿಯಲ್ಲಿ ಬೇರೆ ಕಂಡಕ್ಟರು ಬರುವವರೆಗೆ ಅವನೇ ಸಂಭಾಳಿಸಿದ. ಆ ಉಪಕಾರವನ್ನೂ ನಾನು ಮರೆತಿಲ್ಲ.

ಸಂಜೆ ಅತ್ತೆ ಜಗುಲಿಯ ಮೂಲೆಯಲ್ಲಿ ಕೂತಿದ್ದರು. ಚಿನ್ನಿ ಮಡಿಲಿಗೆ ಹತ್ತಲು ಬಂದರೆ ಮೆಲ್ಲಗೆ ಪಕ್ಕಕ್ಕೆ ಸರಿಸಿದರು. ನನಗೆ ಕೋಪ ಇಳಿದಿರಲಿಲ್ಲ. ಕೇಳಿಯೇ ಬಿಟ್ಟೆ.

"ಎಷ್ಟು ದಿನದಿಂದ ಅತ್ತೆ ಇಂಗೆ?"

"ನೀನು ಕೆಲಸಕ್ಕೆ ಸೇರೋಕೂ ಮುಂಚಿಂದ. ಆಗ ಮಂಜು ಮಂಜು. ಈಗ ಬಾಗಿಲು ಎಲ್ಲೈತೆ ಅನ್ನೋದು ಮಾತ್ರ ಬೆಳಕಲ್ಲಿ ಗೊತ್ತಾಗ್ತೈತೆ."

"ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಕೆಲಸ ಬುಡ್ತಿದ್ದೆ."

"ಬುಡ್ತಿದ್ದೆ! ಬಸ್ಸು ಮಗನ ಮೇಲೆ ಹತ್ತಿದ್ರೆ ಏನತ್ತೆ ಗತಿ? ನಂಗ್ಯಾಕೆ ಬೇಕಿತ್ತು ಆ ಕೆಲಸ?"

ಕೆಂಚ ಬಂದು ಅತ್ತೆಯ ಪಾದದ ಮೇಲೆ ಮೂತಿ ಇಟ್ಟಿತು.

"ನಂಗೂ ಒಂದು ಕೆಲಸ ಬಂದಿತ್ತು ಕಣಮ್ಮ. ಅಂಗನವಾಡೀಲಿ. ನಿನ್ನ ಗಂಡ ಆಗ ಹಿಂಗೇ ನಡೆಯೋ ಮಗ. ನೋಡ್ಕೊಳ್ಳೋರು ಇಲ್ಲ ಅಂತ ಬುಟ್ಟೆ. ಆಮೇಲೆ ಯಾರೂ ಕರೀಲಿಲ್ಲ. ನಿಂಗೆ ಅಂಗಾಗಬಾರದು ಅಂತಿದ್ದೆ. ಗೆಜ್ಜೆ ಐತೆ, ಗಂಟೆ ಐತೆ, ಹೆಂಗೋ ಆಗ್ತೈತೆ ಅಂತಿದ್ದೆ. ಇವತ್ತು ಕೆಂಚನ ಗಂಟೆ ನನ್ನ ಪಕ್ಕದಲ್ಲೇ ಇತ್ತು, ಗೆಜ್ಜೆ ಸದ್ದಿರಲಿಲ್ಲ. ಮಗ ಇನ್ನೂ ಮಲಗೈತೆ ಅಂದ್ಕೊಂಡೆ. ತಪ್ಪು ನಂದೇ. ನಾಳೆಯಿಂದ ಮಗನ್ನ ನನ್ನ ಮೇಲೆ ಬುಡಬೇಡ."

ಆ ಹೊತ್ತಿಗೆ ಎಲ್ಲ ಒಂದೊಂದಾಗಿ ಜೋಡಿಯಾಯಿತು. ಕುರಿಗಂಟೆ, ಚೊಂಬು, ಚಪ್ಪಡಿ ಕಲ್ಲು, ತುಟಿ ಹುಡುಕುವ ಆ ಸೊಟ್ಟ ಬೆರಳು. ನನಗೆ ಒಂದು ಕಡೆ ಅವರನ್ನು ಹಿಡಿದು ಅಲುಗಾಡಿಸಬೇಕು ಅನ್ನಿಸಿತು, ಇನ್ನೊಂದು ಕಡೆ ಅವರ ಕಾಲು ಹಿಡಿಯಬೇಕು ಅನ್ನಿಸಿತು. ಎರಡನ್ನೂ ಮಾಡಲಿಲ್ಲ. ಚಿನ್ನಿಯನ್ನು ಎತ್ತಿ ಅವರ ಮಡಿಲಲ್ಲಿ ಕೂರಿಸಿ ಒಳಗೆ ಹೋಗಿ ಒಲೆ ಹಚ್ಚಿದೆ.

ತುಮಕೂರಿನ ಕಣ್ಣಿನ ಡಾಕ್ಟರು ಪೊರೆಯಲ್ಲ ಎಂದರು. ಕಣ್ಣೊಳಗಿನ ಒತ್ತಡಕ್ಕೆ ನರ ಒಣಗಿದೆ, ಹೋದ ದೃಷ್ಟಿ ಬರುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಲು ಈ ಹನಿ ಹಾಕಿ ಎಂದರು. ಬಸ್ಸಿನಲ್ಲಿ ವಾಪಸು ಬರುವಾಗ ಅತ್ತೆ, "ಟಿಕೆಟ್ ಕೊಡ್ತಿರೋದು ಹೆಣ್ಣಾ ಗಂಡಾ?" ಎಂದು ಕೇಳಿದರು. ಗಂಡಸು ಎಂದೆ. "ನಿನ್ನಷ್ಟು ಜೋರಿಲ್ಲ ಬುಡು" ಎಂದರು.

ಕೆಲಸ ಬಿಡುತ್ತೇನೆಂದು ನಾನು ಹಟ ಹಿಡಿದೆ. ಬಿಟ್ಟರೆ ನಿನ್ನ ಮನೆಯಲ್ಲಿ ಊಟ ಮಾಡುವುದಿಲ್ಲ ಎಂದು ಅತ್ತೆ ಹಟ ಹಿಡಿದರು. ಗೆದ್ದವರು ಅವರೇ. ನನ್ನ ಗಂಡ ಊರೂರು ತಿರುಗುವುದನ್ನು ನಿಲ್ಲಿಸಿ ಜಗುಲಿಯಲ್ಲೇ ಮೋಟಾರು ಬಿಚ್ಚಲು ಕೂತ. ಗಿರಾಕಿಗಳು ಕಮ್ಮಿಯಾದರು, ಸಂಪಾದನೆಯೂ ಇಳಿಯಿತು. ಅವನು ಒಂದು ದಿನವೂ ಅದನ್ನು ಎತ್ತಿ ಆಡಲಿಲ್ಲ. ಅಂಗಳಕ್ಕೆ ಒಂದು ಗೇಟು ಬಂತು. ಮಗುವನ್ನು ಕಾಯುವುದು ಅವನ ಪಾಲಿಗೆ, ತಿನ್ನಿಸುವುದು, ಮಲಗಿಸುವುದು ಎಂದಿನಂತೆ ಅತ್ತೆಯ ಪಾಲಿಗೆ.

ಮಧ್ಯಾಹ್ನದ ಭೇಟಿ ಮತ್ತೆ ಶುರುವಾಯಿತು. ಆದರೆ ಈಗ ಅತ್ತೆಯ ಒಂದು ಕೈ ಕೆಂಚನ ಕೊರಳಪಟ್ಟಿಯ ಮೇಲೆ ಇರುತ್ತಿತ್ತು. ಇನ್ನೊಂದು ಕೈಯ ಆ ಸೊಟ್ಟ ಬೆರಳನ್ನು ಹಿಡಿದು ಚಿನ್ನಿ ಮುಂದೆ ನಡೆಯುತ್ತಿದ್ದಳು. "ಕಲ್ಲೈತೆ ಅಜ್ಜಿ, ಕಾಲೆತ್ತು" ಎಂದು ತೊದಲುತ್ತಿದ್ದಳು. ಹಿಂದೆಯೇ ನನ್ನ ಗಂಡ ಬರುತ್ತಿದ್ದ.

ಕೆಲಸ ಕಾಯಂ ಆದ ದಿನ ನಾನು ಸಿಹಿ ತಂದೆ. ಅತ್ತೆ ಅದನ್ನು ಪಕ್ಕಕ್ಕಿಟ್ಟು ನನ್ನ ಖಾಕಿ ಅಂಗಿಯ ತೋಳನ್ನು, ಜೇಬನ್ನು ಸವರಿ ನೋಡಿದರು. "ಒಂದ್ಸಲ ಊದಮ್ಮ" ಎಂದರು. ಮನೆಯೊಳಗೆ ಸೀಟಿ ಊದಿದೆ. ಕೆಂಚ ಬೆಚ್ಚಿ ಬೊಗಳಿತು. ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡರು. ನಾನು ಈಗ ತಿನ್ನುತ್ತಿರುವ ಅನ್ನದಲ್ಲಿ ಅವರ ಪಾಲು ಇದೆ. ಇದನ್ನು ಅವರಿದ್ದಾಗ ಬಾಯಿಬಿಟ್ಟು ಹೇಳಿದ್ದೇನೆ. "ತಿನ್ನೋದು ಬುಟ್ಟು ಅಳ್ತೀಯಲ್ಲ" ಎಂದು ಬೈಸಿಕೊಂಡಿದ್ದೇನೆ.

ಹೋದ ಬೇಸಿಗೆಯ ಶುರುವಿನಲ್ಲಿ ಅವರು ತೀರಿಕೊಂಡರು. ಬೆಳಿಗ್ಗೆ ನಾನು ಡ್ಯೂಟಿಗೆ ಹೊರಡುವಾಗ ಚೆನ್ನಾಗಿಯೇ ಇದ್ದರು. ಚಿನ್ನಿ ಶಾಲೆಗೆ ಹೋದ ಮೇಲೆ ಎದೆ ನೋವೆಂದು ಮಲಗಿದವರು ಏಳಲಿಲ್ಲ. ಫೋನು ಬಂದಾಗ ನಾನು ಹಿಂದೂಪುರದ ನಿಲ್ದಾಣದಲ್ಲಿದ್ದೆ. ಹೊರಡಲು ಸಿದ್ಧವಾಗಿದ್ದ ನನ್ನ ಬಸ್ಸಿನಲ್ಲಿಯೇ, ಟಿಕೆಟ್ ಕೊಡುತ್ತಲೇ ಬಂದೆ. ನಮ್ಮೂರಿನ ತಿರುವಿನಲ್ಲಿ ಅಭ್ಯಾಸಬಲದಿಂದ ಸೀಟಿ ತುಟಿಗೆ ಹೋಯಿತು. ಊದಲಾಗಲಿಲ್ಲ. ಹುಣಸೆಮರದ ಕೆಳಗೆ ಕೆಂಚ ಒಂದೇ ನಿಂತಿತ್ತು.

ಅತ್ತೆಯನ್ನು ನಡುಮನೆಯಲ್ಲಿ ಮಲಗಿಸಿದ್ದರು. ಊರಿನ ಹೆಂಗಸರು ಸುತ್ತ ಕೂತಿದ್ದರು. ಶಾಲೆಯಿಂದ ಚಿನ್ನಿಯನ್ನು ಕರೆತಂದ ನನ್ನ ಗಂಡ ದಾರಿಯಲ್ಲೇ ಅವಳಿಗೆ ವಿಷಯ ಹೇಳಿದ್ದ. ಅವಳು ಅಳಲಿಲ್ಲ. ಅಪ್ಪನ ಕೈ ಬಿಡಿಸಿಕೊಂಡು ಚಪ್ಪಡಿ ಕಲ್ಲಿನ ಮೇಲೆ ನಿಂತು ಎರಡು ಸಲ ಕಾಲು ಬಡಿದಳು. ಒಳಗೆ ಅಳುತ್ತಿದ್ದವರು ಸುಮ್ಮನಾದರು. ಅವಳು ಕಾದಳು. ಮತ್ತೆ ಬಡಿದಳು, ಈ ಸಲ ಜೋರಾಗಿ.

ಯಾರಾದರೂ ಓಗೊಡಲೇಬೇಕಿತ್ತು. ಅತ್ತೆಯ ತಲೆಯ ಬಳಿ ಕೂತಿದ್ದ ನಾನೇ, "ಬಂದ್ಯಾ ತಾಯೀ, ಬಾ" ಎಂದೆ.

ಅವಳು ಹೊಸ್ತಿಲ ಆಚೆಯಿಂದಲೇ ನನ್ನನ್ನು ನೋಡಿದಳು.

"ನೀನಲ್ಲಮ್ಮ" ಎಂದಳು. "ಅಜ್ಜಿ ಅನ್ಬೇಕು."