ಒಬ್ಬಳಿಗಾಗಿ ನಡೆದ ತರಗತಿ

ಕಳೆದ ತಿಂಗಳು ಅಣ್ಣನ ಮಗಳನ್ನು ಪಿಯುಸಿಗೆ ಸೇರಿಸಲು ಹೋಗಿದ್ದೆ. ಕಾಲೇಜಿನ ಕಾರಿಡಾರಿನಲ್ಲಿ ನಡೆಯುವಾಗ ಯಾರೋ ಲ್ಯಾಬಿನ ಬಾಗಿಲು ತೆರೆದರು. ಗಾಜಿನ ಬಾಟಲಿಗಳಲ್ಲಿ ಗಿಡಗಳನ್ನೂ ಹುಳುಗಳನ್ನೂ ಕೆಡದಂತೆ ಇಡುವ ಫಾರ್ಮಲಿನ್ನಿನ ಘಾಟು ಮೂಗಿಗೆ ಬಡಿಯಿತು. ಅವಳು ಮೂಗು ಮುಚ್ಚಿಕೊಂಡು ಮುಂದೆ ಹೋದಳು. ನಾನು ಅಲ್ಲೇ ನಿಂತೆ... ನಮ್ಮ ಬಾಟನಿ ಮೇಡಂ ಸೀರೆಗೆ ಸದಾ ಅದೇ ವಾಸನೆ ಇರುತ್ತಿತ್ತು.

ತೊಂಬತ್ತರ ದಶಕದ ಕೊನೆಯ ಮಾತು. ಬಸವನಗುಡಿಯ ಒಂದು ಕಾಲೇಜಿನಲ್ಲಿ ನಾನು ಬಿ.ಎಸ್ಸಿ. ಸೇರಿದೆ. ಪಿಯುಸಿಯಲ್ಲಿ ಜೊತೆಗೆ ಓದಿದವರೆಲ್ಲ ಇಂಜಿನಿಯರಿಂಗ್ ಕಡೆ ಹೋಗಿದ್ದರು. "ಮಾರ್ಕ್ಸ್ ಕಮ್ಮಿ ಬಂತಾ?" ಎಂದು ಚಾಮರಾಜಪೇಟೆಯ ನಮ್ಮ ಬೀದಿಯಲ್ಲಿ ಸಿಕ್ಕವರೆಲ್ಲ ಕೇಳುತ್ತಿದ್ದರು. ಕಮ್ಮಿ ಬಂದಿರಲಿಲ್ಲ. ಗಿಡಗಳ ಬಗ್ಗೆ ಓದಬೇಕೆಂಬ ಆಸೆ ಇತ್ತು. ಹಾಗೆಂದರೆ ಯಾರೂ ನಂಬುತ್ತಿರಲಿಲ್ಲ, ಅಷ್ಟೆ.

ಬಾಟನಿ ಆರಿಸಿಕೊಂಡವರು ಕೆಲವೇ ಮಂದಿ. ಬೇರೆ ಸೀಟು ಸಿಕ್ಕಿತೆಂದು ಒಬ್ಬೊಬ್ಬರಾಗಿ ಹೊರಟುಹೋದರು. ಉಳಿದಿದ್ದ ಗೆಳತಿಗೆ ಮದುವೆ ಗೊತ್ತಾಯಿತು. ಕೊನೆಯ ವರ್ಷ ಬಾಟನಿಗೆ ನಾನೊಬ್ಬಳೇ. ಪ್ರಿನ್ಸಿಪಾಲರು ಕರೆದು, ಬೇರೆ ಕಾಲೇಜಿಗೆ ಹೋಗಬಹುದಲ್ಲ ಎಂದರು. ಆಮೇಲೆ ಮೇಡಂ ನನ್ನನ್ನು ಲ್ಯಾಬಿನಲ್ಲಿ ಕೂರಿಸಿಕೊಂಡು ಹೇಳಿದರು: "ನೀನು ಹೋದ್ರೆ ಈ ಡಿಪಾರ್ಟ್‌ಮೆಂಟ್ ಮುಚ್ತಾರೆ ಕಣಮ್ಮ. ಆದ್ರೆ ನನಗೋಸ್ಕರ ಇರ್ಬೇಡ. ಓದೋಕೆ ಇಷ್ಟ ಇದ್ರೆ ಮಾತ್ರ ಇರು."

"ಇರ್ತೀನಿ ಮೇಡಂ," ಎಂದೆ.

ಅವರು ಹಿಂದಿನಂತೆಯೇ ವೇದಿಕೆ ಹತ್ತಿ, ಹಾಜರಿ ಕೂಗಿ, ಬೋರ್ಡಿನ ತುಂಬ ಚಿತ್ರ ಬರೆದು ಪಾಠ ಮಾಡುತ್ತಿದ್ದರು. ಖಾಲಿ ಬೆಂಚುಗಳ ನಡುವೆ ಕೂತ ನನಗೆ ಒಮ್ಮೊಮ್ಮೆ ಅಳು ಬಂದಂತಾಗುತ್ತಿತ್ತು. ಆಕಳಿಸುವ ಹಾಗಿಲ್ಲ, ಪಕ್ಕಕ್ಕೆ ತಿರುಗಿ ನಗೋಣವೆಂದರೆ ಯಾರೂ ಇಲ್ಲ...

ಒಮ್ಮೆ ಜ್ವರ ಬಂದು ಕಾಲೇಜಿಗೆ ಹೋಗಲಿಲ್ಲ. ಸಂಜೆ ಅವರೇ ಮನೆ ಹುಡುಕಿಕೊಂಡು ಬಂದರು. "ನೀನು ಬರ್ಲಿಲ್ಲ ಅಂದ್ರೆ ಕ್ಲಾಸೇ ಬರ್ಲಿಲ್ಲ ಅಂತ," ಎಂದು ನಕ್ಕು, ಗಾಂಧಿ ಬಜಾರಿನಿಂದ ತಂದ ಮೂಸಂಬಿಯನ್ನು ಅಮ್ಮನ ಕೈಗಿತ್ತರು. ಕಾಫಿ ಕುಡಿದ ಮೇಲೂ ಏಳಲಿಲ್ಲ. ದೇವರಿಗೆ ದೀಪ ಹಚ್ಚುವ ಹೊತ್ತಾದರೂ ಹುಳಿಪುಡಿ, ನಲ್ಲಿ ನೀರು ಎಂದು ಅಮ್ಮನ ಹತ್ತಿರ ಏನೇನೋ ಮಾತಾಡುತ್ತ ಕೂತಿದ್ದರು. ಅವರು ಹೋದ ಮೇಲೆ ಅಮ್ಮ, "ಪಾಪ, ಮನೇಲಿ ಮಾತಾಡೋಕೆ ಯಾರೂ ಇಲ್ಲ ಅನ್ಸತ್ತೆ," ಎಂದಳು. ಅಲ್ಲಿಯವರೆಗೆ ಆ ತರಗತಿಯಲ್ಲಿ ಒಂಟಿಯಾಗಿದ್ದವಳು ನಾನು ಮಾತ್ರ ಎಂದುಕೊಂಡಿದ್ದೆ.

ನಾನು ಪಾಸಾದೆ. ಬಾಟನಿ ವಿಭಾಗ ಮುಚ್ಚಿತು. ಎಂ.ಎಸ್ಸಿ.ಗೆಂದು ಧಾರವಾಡಕ್ಕೆ ಹೋದವಳು, ರಜೆಯಲ್ಲಿ ಬಂದಾಗ ಮೇಡಂ ಅವರನ್ನು ನೋಡಲು ಹೋದೆ. ಕಾಮರ್ಸ್ ಮಕ್ಕಳಿಗೆ ಪರಿಸರದ ಪಾಠ ಹೇಳುತ್ತಿದ್ದರು. ದೊಡ್ಡ ಹಾಲ್, ಗಲಾಟೆ. ಅವರ ದನಿ ಬಾಗಿಲಿನವರೆಗೂ ಬರುತ್ತಿರಲಿಲ್ಲ. ಹೊರಗೆ ಬಂದವರೇ ನನ್ನ ಕೈ ಹಿಡಿದುಕೊಂಡರು. "ಈಗ ಕ್ಲಾಸ್ ತುಂಬ ಮಕ್ಕಳು. ಒಬ್ಬರ ಮುಖಾನೂ ನೆನಪಿರಲ್ಲ ಕಣಮ್ಮ..."

ಮತ್ತೆ ಭೇಟಿಯಾಗಲಿಲ್ಲ. ಕೆಲಸ, ಬೇರೆ ಊರು... ವರ್ಷಗಳು ಹೋದವು.

ಅಣ್ಣನ ಮಗಳು ಕಂಪ್ಯೂಟರ್ ಸೈನ್ಸ್ ಆರಿಸಿಕೊಂಡಳು, ಅವಳ ಇಷ್ಟ. ಅವಳನ್ನು ಮನೆಗೆ ಬಿಟ್ಟು ನಾನು ನನ್ನ ಹಳೆಯ ಕಾಲೇಜಿಗೆ ಹೋಗಿ ಆಫೀಸಿನಲ್ಲಿ ಮೇಡಂ ಬಗ್ಗೆ ವಿಚಾರಿಸಿದೆ.

"ಅವರು ತೀರ್ಕೊಂಡು ಮೂರ್ನಾಲ್ಕು ವರ್ಷ ಆಯ್ತಲ್ಲ. ನಿಮಗೆ ಯಾರೂ ಹೇಳ್ಲಿಲ್ವಾ?" ಎಂದರು ಗುಮಾಸ್ತರು.

ಹೇಳುವವರು ಯಾರಿದ್ದರು? ಗೇಟಿನ ಹೊರಗೆ ಬಂದು ಫೋನ್ ಕೈಗೆತ್ತಿಕೊಂಡೆ. ಜೊತೆಗೆ ಓದಿದ ಯಾರಿಗಾದರೂ ತಿಳಿಸಬೇಕೆನಿಸಿತು. ಆ ಕೊನೆಯ ವರ್ಷ ನನ್ನ ತರಗತಿಯಲ್ಲಿ ಇನ್ನೊಬ್ಬರು ಇರಲೇ ಇಲ್ಲ.