ಒಂಟೆಗೆ ಲೈಸೆನ್ಸ್ ಇಲ್ಲ

ಶುಕ್ರವಾರ ಸಂಜೆ ಐದೂ ಇಪ್ಪತ್ತು. ಮರುಭೂಮಿಯಲ್ಲಿ ಡೇರೆ ಹಾಕಿ ದಿನ ಕಳೆದು, ಕುವೈತಿನ ಸಾಲ್ಮಿಯಾದಲ್ಲಿರುವ ಮನೆಗೆ ಮರಳುತ್ತಿದ್ದೆವು. ನಮ್ಮೆದುರು ಒಂದು ಒಂಟೆ ರಸ್ತೆ ದಾಟಿತು. ನನ್ನವರು ವೇಗ ತಗ್ಗಿಸಲಿಲ್ಲ. ಮಂಗಳೂರಿನಲ್ಲಿ ದನಗಳನ್ನು ಸರಿಸುವಂತೆ ಉದ್ದಕ್ಕೆ ಹಾರ್ನ್ ಹೊಡೆದರು. ಒಂಟೆಯ ಮರಿ ಇನ್ನೂ ಈಚೆ ಬದಿಯಲ್ಲಿದ್ದದ್ದು ನಮಗೆ ಕಂಡಿರಲಿಲ್ಲ. ಬೆದರಿದ ತಾಯಿ ಮರಿಗಾಗಿ ತಿರುಗಿ ರಸ್ತೆಗೇ ನುಗ್ಗಿತು.

ಬ್ರೇಕ್ ಒತ್ತಿದ್ದೇ ಕಾರು ಅಡ್ಡಕ್ಕೆ ಜಾರಿ ಮರಳಿಗಿಳಿದು ನಿಂತಿತು. ನನ್ನ ಕಿಟಕಿಯಿಂದ ಗೇಣು ದೂರದಲ್ಲಿ ಒಂಟೆಯ ಕಾಲುಗಳು. ಹಿಂದಿನ ಸೀಟಿನಲ್ಲಿದ್ದ ಮಗಳಿಗೆ ಅಳುವೂ ಬರಲಿಲ್ಲ.

ಒಂಟೆ ಕಾಯುವ ಸುಡಾನಿನವನು ಓಡಿಬಂದ. ಬೈಯುತ್ತಾನೆ ಅಂದುಕೊಂಡೆ. ಅವನು ಮೊದಲು ಒಳಗೆ ಇಣುಕಿ, "ಬೇಬಿ ಠೀಕ್ ಹೈ?" ಎಂದ. ಆಮೇಲೆ ತನ್ನ ಹರುಕು ಹಿಂದಿಯಲ್ಲಿ ನನ್ನವರಿಗೆ, "ಒಂಟೆಗೆ ಲೈಸೆನ್ಸ್ ಇಲ್ಲ ಭಾಯಿ, ನಿನಗಿದೆ," ಎಂದು ಬೆನ್ನು ತಟ್ಟಿದ. ಅಷ್ಟರಲ್ಲಿ ಮರಿ ತಾಯಿಯ ಹೊಟ್ಟೆಯಡಿ ಸೇರಿಕೊಂಡಿತ್ತು.

ನನಗೆ ಮಾತ್ರ ಆಮೇಲೆ ಎಷ್ಟೋ ರಾತ್ರಿ ಕಣ್ಣು ಮುಚ್ಚಿದರೆ ಆ ಕಾಲುಗಳೇ. ನಿದ್ದೆಯಲ್ಲೂ ನನ್ನ ಪಾದ, ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಆ ರಸ್ತೆಯಲ್ಲಿ ವೇಗಮಿತಿ ಇಳಿಸಿ ಎಂದು ಡೇರೆ ಹಾಕುವ ಕುಟುಂಬಗಳೆಲ್ಲ ಸೇರಿ ಟ್ರಾಫಿಕ್ ಇಲಾಖೆಯನ್ನು ಕೇಳಿಕೊಂಡೆವು.

ಈಗ ಅಲ್ಲಿ ನಲವತ್ತರ ಬೋರ್ಡ್ ಬಂದಿದೆ. ಮೊನ್ನೆ ಶನಿವಾರ ಭಯದಿಂದಲೇ ಹೋದೆವು. ಒಂಟೆಗಳ ಹಿಂಡು ಪೂರ್ತಿ ದಾಟುವವರೆಗೆ ಎರಡೂ ಕಡೆ ಕಾರುಗಳು ಸುಮ್ಮನೆ ನಿಂತಿದ್ದವು. ಆ ರಾತ್ರಿ ಮಲಗಿದವಳಿಗೆ ಬೆಳಗಾದದ್ದೇ ತಿಳಿಯಲಿಲ್ಲ.